ಬಳೆ ತೆಗೆದಿಟ್ಟ ಕೈ

ಸೂಲಗಿತ್ತಿ ಬಾಳವ್ವನ ಬಳಿ ನಿಂಗವ್ವ ಕೆಲಸ ಕಲಿಯಲು ಸೇರಿ ಒಂದು ವರ್ಷವಾಗಿತ್ತು. ಆಸ್ಪತ್ರೆ ದೂರವಿದ್ದ ಕಾಲ ಅದು. ನೇಕಾರರ ಆ ಊರಿನ ಅರ್ಧ ಜನ ಬಾಳವ್ವನ ಕೈಯಲ್ಲೇ ಹುಟ್ಟಿದವರು. ತಾನೂ ಕೂಸನ್ನು ಕೈಗೆ ತೆಗೆದುಕೊಳ್ಳಬೇಕು, ಹೊಕ್ಕುಳಬಳ್ಳಿ ಕತ್ತರಿಸಬೇಕು, ಹೆಸರು ಮಾಡಬೇಕು ಎಂಬುದು ನಿಂಗವ್ವನ ಆಸೆ.

ಬಾಳವ್ವ ವರ್ಷವಿಡೀ ಕಲಿಸಿದ್ದು ಎರಡೇ. ಹೆರಿಗೆಯ ಮನೆಗೆ ಹೊರಡುವ ಮುಂಚೆ ಬಳೆ ತೆಗೆದಿಟ್ಟು ಅರಿಶಿಣದ ದಾರ ಕಟ್ಟಿಕೊಳ್ಳುವುದು. ಆಮೇಲೆ ಹೆರುವವಳ ತಲೆಯ ಕಡೆ ಕೂತು ಅವಳಿಗೆ ಕೈ ಕೊಡುವುದು. ನೋವಿನಲ್ಲಿ ಅವಳು ಮುಂಗೈ ಹಿಸುಕಿದರೆ ಬಳೆ ಒಡೆದು ಇಬ್ಬರಿಗೂ ಚುಚ್ಚುತ್ತದೆ, ಅದಕ್ಕೇ ಈ ಏರ್ಪಾಡು. ಕೈ ಹಿಡಿದು ಕೂರುವುದೂ ಒಂದು ವಿದ್ಯೆಯೇ? ಎಂದು ನಿಂಗವ್ವ ಬಾವಿಕಟ್ಟೆಯಲ್ಲಿ ಗೊಣಗುತ್ತಿದ್ದಳು. ಬಾವಿಕಟ್ಟೆಯ ಮಾತು ಊರಿಗೆಲ್ಲ ಕೇಳಿಸದೆ ಇರುತ್ತದೆಯೇ? ಬಾಳವ್ವನಿಗೂ ಕೇಳಿಸಿತ್ತು. ಅವಳು ಎಲೆಅಡಿಕೆ ಜಗಿಯುತ್ತ, ಮುಂದಿನ ಹೆರಿಗೆಯಲ್ಲೂ ನಿಂಗವ್ವನನ್ನು ತಲೆಯ ಕಡೆಯೇ ಕೂರಿಸಿದಳು.

ಒಂದು ಬೆಳಿಗ್ಗೆ ನೇಕಾರ ಈರಪ್ಪನ ಮನೆಯಿಂದ ಕರೆ ಬಂತು. ಅವನ ಹೆಂಡತಿ ರಾಚವ್ವನಿಗೆ ಚೊಚ್ಚಲ ಹೆರಿಗೆ. ತಾಯಿಯಿಲ್ಲದ ಹುಡುಗಿ, ಹಾಗಾಗಿ ತವರಿಗೆ ಹೋಗಿರಲಿಲ್ಲ. ಮಧ್ಯಾಹ್ನದವರೆಗೂ ಅವಳು ನಿಂಗವ್ವನ ಮುಂಗೈ ಬಿಗಿಹಿಡಿದು ನೋವು ನುಂಗಿದಳು. ನಿಂಗವ್ವ ಬೆನ್ನು ನೀವುತ್ತ, ಉಸಿರು ಬಿಡು ಎಂದಾಗ ಬಿಟ್ಟಳು.

ಕಡೆಗೆ ಕೂಸಿನ ತಲೆ ಕಾಣತೊಡಗಿತು. ನಿಂಗವ್ವನಿಗೆ ತಡೆಯಲಾಗಲಿಲ್ಲ. ಮುಂಗೈ ಬಿಡಿಸಿಕೊಂಡು, ಬಾಳವ್ವನ ಕೈಚಳಕ ನೋಡಲು ಕಾಲಿನ ಕಡೆಗೆ ಬಂದೇಬಿಟ್ಟಳು.

ರಾಚವ್ವನ ಕೈ ಗಾಳಿಯಲ್ಲಿ ತಡಕಾಡಿತು. ಏನೂ ಸಿಗಲಿಲ್ಲ. ತನ್ನಿಂದ ಆಗುವುದೇ ಇಲ್ಲ ಎಂದು ಅಳುತ್ತ ಅವಳು ತಿಣುಕುವುದನ್ನೇ ಬಿಟ್ಟಳು. ಕೂಸು ಅಲ್ಲೇ ನಿಂತಿತು. ಬಾಳವ್ವನ ಹಣೆ ಬೆವರಿದ್ದನ್ನು ನಿಂಗವ್ವ ನೋಡಿದ್ದು ಅದೇ ಮೊದಲು.

"ಇಲ್ಲಿ ನಾ ಅದೀನಿ ನಿಂಗವ್ವ," ಬಾಳವ್ವ ತಲೆ ಎತ್ತದೆ ಹೇಳಿದಳು. "ಅಲ್ಲಿ ಯಾರೂ ಇಲ್ಲ."

ನಿಂಗವ್ವ ಓಡಿದಳು. ಕೈ ಕೊಟ್ಟಳು, ಮುಖಕ್ಕೆ ಮುಖ ತಂದಳು, ಇನ್ನು ಬಿಟ್ಟು ಹೋಗುವುದಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ರಾಚವ್ವನಿಗೆ ಉಸಿರು ಮರಳಿತು. ಸ್ವಲ್ಪ ಹೊತ್ತಿನಲ್ಲೇ ಹೆಣ್ಣು ಕೂಸು ಮನೆ ತುಂಬ ಅತ್ತಿತು. ಹೊಕ್ಕುಳಬಳ್ಳಿ ಕತ್ತರಿಸುವುದನ್ನು ನಿಂಗವ್ವ ಅಂದು ನೋಡಲೇ ಇಲ್ಲ.

ತಪ್ಪು ಅವಳನ್ನು ಕೊರೆಯುತ್ತಿತ್ತು. ಯಾರೂ ಕರೆಯದಿದ್ದರೂ ದಿನವೂ ಹೋಗಿ ಬಾಣಂತಿಗೆ ನೀರು ಎರೆದಳು. ಕೂಸು ಮೊಲೆ ಹಿಡಿಯದೆ ರಾಚವ್ವ ಅತ್ತಾಗ ಪಕ್ಕದಲ್ಲಿ ಕೂತು ಹಿಡಿಸಿದಳು, ಕೂಸನ್ನು ತಾನು ನೋಡಿಕೊಂಡು ಅವಳನ್ನು ಮಲಗಿಸಿದಳು.

ತೊಟ್ಟಿಲಿಗೆ ಹಾಕುವ ದಿನ ಬಾಳವ್ವನಿಗೆ ಮೊರದ ತುಂಬ ಅಕ್ಕಿ, ಕುಪ್ಪಸದ ಖಣ ಸಂದವು. ನಿಂಗವ್ವ ಹಿಂದೆಲ್ಲೋ ಕೂತಿದ್ದಳು. ರಾಚವ್ವ ಎದ್ದು ಬಂದು ಅವಳೆದುರು ಕೂತಳು. ಮಡಿಲಲ್ಲಿ ಒಂದು ಡಜನ್ ಹಸಿರು ಬಳೆ. ಅಂದು ತನ್ನ ಉಗುರು ನಾಟಿದ ಗಾಯ ಇನ್ನೂ ಮಾಯದ ಆ ಮುಂಗೈ ಹಿಡಿದು ತಾನೇ ತೊಡಿಸತೊಡಗಿದಳು.

"ನಡುವ ಕೈ ಬಿಟ್ಟು ಹೋದಾಕಿ ನಾ, ತಂಗಿ," ಎಂದಳು ನಿಂಗವ್ವ ನಾಚಿಕೆಯಿಂದ.

"ತಿರುಗಿ ಬಂದ್ಯಲ್ಲ ಅಕ್ಕಾ. ಕೂಸು ಯಾರ ಕೈಯಾಗ ಬಂತೋ ನಾ ನೋಡಲಿಲ್ಲ. ನಾ ನೋಡಿದ್ದು ನಿನ್ನ ಮಾರಿ ಒಂದ. ನನಗ ಅವತ್ತು ಅವ್ವ ಸಿಕ್ಕಳು."

ನಿಂಗವ್ವನ ಕಣ್ಣು ತುಂಬಿತು. ಬಳೆ ತೆಗೆಸಿ ತನ್ನನ್ನು ತಲೆಯ ಕಡೆ ಕೂರಿಸಿದ ಬಾಳವ್ವನ ಕಾಲಿಗೆ ಅವಳು ಅಲ್ಲೇ ನಮಸ್ಕರಿಸಿದಳು.

ಮುಂದೆ ನಿಂಗವ್ವನೂ ಹೆಸರಾಂತ ಸೂಲಗಿತ್ತಿಯಾದಳು. ಯಾವ ಮನೆಗೆ ಹೋದರೂ ಬಿಸಿನೀರು ಕೇಳುವ ಮುಂಚೆ ಒಂದು ಮಾತು ಕೇಳುತ್ತಿದ್ದಳು: ತಲೆಯ ಕಡೆ ಕೂರುವವರು ಯಾರು?

ನೀತಿ: ಹೆರಿಗೆ ಮಾಡಿಸುವವರ ಕೈ ಎಷ್ಟು ಮುಖ್ಯವೋ, ಹೆರುವವಳ ಕೈ ಹಿಡಿಯುವವರೂ ಅಷ್ಟೇ ಮುಖ್ಯ. ಈಗ ಇಂಥವರನ್ನು ಇಂಗ್ಲಿಷಿನಲ್ಲಿ ಡೌಲಾ ಎನ್ನುತ್ತಾರೆ. ಏನೆಂದು ಕರೆದರೂ ಸರಿ, ನೋವಿನಲ್ಲಿ ಪಕ್ಕದಲ್ಲಿ ಕೂತವರನ್ನು ಮರೆಯಬೇಡಿ. ನಿಮ್ಮ ಸರದಿ ಬಂದಾಗ ಹಿಡಿದ ಕೈ ಬಿಡಬೇಡಿ.