ಎಡಗೈ ಎಳೆ

ಹೂಂಗುಟ್ಟಬೇಕು ಕೂಸೇ, ನೀನು ಹೂಂ ಅನ್ನದಿದ್ರೆ ಕತೆ ಅಲ್ಲೇ ನಿಲ್ತದೆ. ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನಿಗೂ ಮೀಸೆ ಬರೋಕೆ ಮುಂಚೆ, ಹೊಳೆ ಹೋಗಿ ಸಮುದ್ರ ಸೇರೋ ಅಳಿವೆಯಲ್ಲಿ ಕತ್ತದಕುರ್ವೆ ಅಂತ ಒಂದು ನಡುಗಡ್ಡೆ ಇತ್ತಂತೆ. ಅಲ್ಲಿನವರಿಗೆ ಗೊತ್ತಿದ್ದದ್ದು ಒಂದೇ ಕೆಲಸ, ತೆಂಗಿನ ಸಿಪ್ಪೆ ಕೊಳೆಸಿ, ಬಡಿದು, ನಾರು ತೆಗೆದು ಹಗ್ಗ ಹೊಸೆಯೋದು. ಏಳು ಸಮುದ್ರದಾಚೆಯ ಒಬ್ಬ ದೊರೆ ಆ ಕುರ್ವೆಯನ್ನೂ ಮೂರು ದಿನದ ದಾರಿಯ ಬಡಗು ಸೀಮೆಯನ್ನೂ ಹಿಡ್ಕೊಂಡು ಆಳ್ತಿದ್ದನಂತೆ. ಅವನ ಹಡಗಿಗೆಲ್ಲ ಇವರದೇ ಹಗ್ಗ.

ಅಲ್ಲಿ ಬುಧವಂತಿ ಅಂತ ಒಬ್ಬಳು ಮುದುಕಿ. ಅವಳು ಹೊಸೆದ ಹಗ್ಗ ಆನೆ ಜಗ್ಗಿದರೂ ಹರೀತಿರಲಿಲ್ಲ, ಬಾಯಿ ಮಾತ್ರ ಸೂಜಿಮೆಣಸು! ಸೊಸೆ ಸೋಮಿ ಎಡಚಿ, ಅದೇ ಅತ್ತೆಗೆ ಆಗಿಬರ್ತಿರಲಿಲ್ಲ. ಬಲಗೈಯವರು ನಾರನ್ನ ಬಲಕ್ಕೆ ತಿರುಚ್ತಾರೆ, ಎಡಗೈಯವಳು ಎಡಕ್ಕೆ. ಮೂರು ಎಳೆ ಸೇರಿದರೆ ಒಂದು ಹಗ್ಗ. ಎರಡು ಬಲದ್ದು, ಒಂದು ಎಡದ್ದು ಸೇರಿಬಿಟ್ಟರೆ ನೋಡೋಕೆ ಚೆಂದವೇ, ಜಗ್ಗಿದಾಗ ಆ ಒಂದೆಳೆ ಬಿಚ್ಚಿಕೊಳ್ತದೆ, ಉಳಿದೆರಡು ಭಾರ ತಾಳದೆ ಹರೀತವೆ. ಒಂದ್ಸಲ ಸೋಮಿ ಮರೆತು ಹಾಗೇ ಸೇರಿಸಿ, ತಾಮ್ರದ ಕೊಡ ಬಾವಿ ಪಾಲಾಗಿತ್ತಂತೆ. ಅವತ್ತಿಂದ ಬುಧವಂತಿ, ಎಡಗೈ ಶನಿ, ನೀನು ಕರು ಕಟ್ಟೋ ಹಗ್ಗ ಹೊಸೆದರೆ ಸಾಕು ಅಂತ ಅವಳನ್ನ ಕೊಟ್ಟಿಗೆ ಮೂಲೆಗೆ ಕೂರಿಸಿದ್ದಳಂತೆ. ಪಾಪ, ಸೋಮಿ ಅಲ್ಲೇ ಕೂತು ಹೊಸೀತಿದ್ದಳು.

ಆಮೇಲೆ ಏನಾಯ್ತು ಅಂದ್ರೆ, ಬಡಗು ಸೀಮೆಯವರು ನಮ್ಮ ನಾಡು ನಮಗೆ ಬಿಡು ಅಂತ ದೊರೆ ಮೇಲೆ ತಿರುಗಿಬಿದ್ದರಂತೆ. ದೊರೆಗೆ ಸಿಟ್ಟು ನೆತ್ತಿಗೇರಿ, ಅವರ ಊರು ಸುಡೋಕೆ ಮೂರು ಹಡಗು ಕಳಿಸಿದನಂತೆ. ಹಡಗು ಕುರ್ವೆಗೆ ಬಂದು, ಲಂಗರಿಗೆ ಹೊಸ ಹಗ್ಗ ಕೊಡಿ ಅಂತ ಅಪ್ಪಣೆ. ಹಗ್ಗದ ಜೊತೆ ಆಳುಗಳನ್ನೂ ಹಿಡಿದರು. ಬುಧವಂತಿಯ ಒಬ್ಬನೇ ಮಗ, ಸೋಮಿಯ ಗಂಡ ಬೊಮ್ಮನನ್ನೂ ಹತ್ತಿಸಿಕೊಂಡರು.

ಬುಧವಂತಿ ಕೈಯಲ್ಲಿದ್ದ ನಾರನ್ನ ಕೆಳಗೆ ಹಾಕಿದಳಂತೆ. ಬಡಗು ಸೀಮೆ ಅವಳ ತವರು ಕೂಸೇ! ತನ್ನ ಹಗ್ಗ, ತನ್ನ ಮಗ, ಸುಡೋದು ತನ್ನ ತವರನ್ನ. ಹಗ್ಗ ಕೆಡಿಸೋಣ ಅಂದ್ರೆ, ನಡುಸಮುದ್ರದಲ್ಲಿ ಹರಿದರೆ ಮಗನ ಗತಿ? ಯೋಚಿಸಿ ಯೋಚಿಸಿ ಅವಳಿಗೊಂದು ದಾರಿ ಹೊಳೀತಂತೆ. ಹಡಗು ಗಾಳಿ ಕಾಯ್ತಾ ಅಳಿವೆ ಬಾಯಲ್ಲೇ ಲಂಗರು ಹಾಕ್ತದೆ. ಅಮಾಸೆ ಉಬ್ಬರಕ್ಕೆ ಅಲ್ಲೇ ಹಗ್ಗ ಹರಿದರೆ, ನೀರು ಹಡಗನ್ನ ಒಳಕ್ಕೆ ನೂಕಿ ಕೆಸರಲ್ಲಿ ಕೂರಿಸ್ತದೆ, ಯಾರೂ ಸಾಯೋದಿಲ್ಲ. ಅಷ್ಟರಲ್ಲಿ ಮಳೆಗಾಲ ಹಿಡೀತದೆ, ನಾಲ್ಕು ತಿಂಗಳು ಸಮುದ್ರಕ್ಕೆ ಇಳಿಯೋರು ಯಾರು?

ಸಿಪ್ಪೆ ಪೂರ್ತಿ ಕೊಳೆತರೇ ನಾರು ಗಟ್ಟಿ, ಅದಕ್ಕೆ ಮೊದಲು ಅರೆ ಕೊಳೆತ ಸಿಪ್ಪೆಯ ನಾರಲ್ಲಿ ಹೊಸೆದಳು. ಹಡಗಿನ ಕಾರಭಾರಿ ಮೂಸಿ ನೋಡಿ, ಕೊಳೆತ ನಾತವೇ ಇಲ್ಲವಲ್ಲ ಮುದುಕಿ, ಇದು ನಾರಾ ಅಂತ ಹಗ್ಗವನ್ನ ಅವಳ ಮುಖಕ್ಕೇ ಎಸೆದನಂತೆ. ಎರಡನೇ ಸಲ, ನಾರು ಒಳ್ಳೇದೇ ಇರಲಿ, ಸಡಿಲ ಹೊಸೆಯೋಣ ಅಂತ ಕೂತಳು. ಐವತ್ತು ವರ್ಷ ಪಳಗಿದ ಕೈ, ಕೇಳಬೇಕಲ್ಲ! ಮನಸ್ಸು ಒಂದು ಹೇಳಿದರೆ ಬೆರಳು ಇನ್ನೊಂದು ಮಾಡ್ತಿತ್ತು. ಮುಗಿಸಿ ನೋಡಿದರೆ ಹಗ್ಗ ಸಲಾಕೆ ಹಾಗೆ ಗಟ್ಟಿ. ಅದರ ಮೇಲೇ ಕೂತು ಗೋಳೋ ಅಂತ ಅತ್ತಳಂತೆ.

ಆಗ ಸೋಮಿ ಕೊಟ್ಟಿಗೆಯಿಂದ ಎದ್ದು ಬಂದು, ಅತ್ತೆ, ತಾಮ್ರದ ಕೊಡ ನೆನಪಿದೆಯಾ ಅಂತ ಕೇಳಿದಳಂತೆ.

ಬುಧವಂತಿ ಸೊಸೆ ಮುಖ ನೋಡಿದಳು, ಅವಳ ಎಡಗೈ ನೋಡಿದಳು, ಅಯ್ಯೋ ನನ್ನ ತಾಯೇ ಅಂತ ಆ ಕೈಯನ್ನ ಎದೆಗೆ ಒತ್ತಿಕೊಂಡಳಂತೆ. ಮೂರನೇ ಸಲ, ಬುಧವಂತಿ ಹೇಳಿದ ಗುಟ್ಟು ಕೇಳಿ ಕುರ್ವೆಯ ಮನೆಮನೆಯವರೂ ಎರಡೆರಡು ಎಳೆ ಹೊಸೆದರು. ಮೂರನೇದು ಎಲ್ಲರಿಗೂ ಸೋಮಿಯದೇ. ಒಂಬತ್ತು ದಿನ ಹೊಸೆದು ಅವಳ ಅಂಗೈ ಸುಲಿದು ಹೋಯ್ತಂತೆ. ಕಾರಭಾರಿ ಮೂಸಿದ, ಮುಟ್ಟಿದ, ಭೇಷ್ ಅಂದ.

ಅಮಾಸೆ ದಿನ ನಡುಮಧ್ಯಾಹ್ನ ಉಬ್ಬರ ಬಂತು ನೋಡು, ಒಂದಾದ ಮೇಲೊಂದು ಹಗ್ಗ ಬಿಚ್ಚಿ, ಮೂರೂ ಹಡಗು ಹೊಂಡಕ್ಕೆ ಬಿದ್ದ ಎಮ್ಮೆ ಹಾಗೆ ಕೆಸರಲ್ಲಿ ಕೂತವಂತೆ. ಇಳಿತಕ್ಕೆ ಬೊಮ್ಮ ಸೊಂಟದವರೆಗೂ ಕೆಸರು ಮೆತ್ತಿಕೊಂಡು ನಡೆದೇ ಮನೆಗೆ ಬಂದ.

ಕಾರಭಾರಿ ಕೆಂಡವಾಗಿ, ಎಲ್ಲರೂ ನನ್ನೆದುರಿಗೇ ಹೊಸೆಯಿರಿ, ಯಾರ ಕೈ ಕೆಟ್ಟದ್ದು ನೋಡ್ತೇನೆ ಅಂದನಂತೆ. ಎಲ್ಲರದ್ದೂ ಗಟ್ಟಿ. ಇವಳು ಯಾರು ಅಂತ ಕೊಟ್ಟಿಗೆ ಮೂಲೆಯಲ್ಲಿ ಕೂತಿದ್ದ ಸೋಮಿ ಕಡೆ ಬೆರಳು ಮಾಡಿದಾಗ ಬುಧವಂತಿ ಅಡ್ಡ ಬಂದು ನಿಂತಳು. ನಕ್ಕು, ಅವಳಾ ಒಡೆಯಾ, ಎಡಚಿ, ಕರು ಕಟ್ಟೋದಕ್ಕೆ ಬಿಟ್ಟರೆ ಯಾತಕ್ಕೂ ಬಾರದವಳು ಅಂದಳಂತೆ. ಅವನೂ ನಕ್ಕು ಮುಂದೆ ಹೋದ. ಅವನು ಹೋದ ಮೇಲೆ ಬುಧವಂತಿ, ಇನ್ನೊಂದ್ಸಲ ಈ ಮಾತು ಆಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ ಅಂತ ಬಿಕ್ಕಿ ಬಿಕ್ಕಿ ಅತ್ತಳಂತೆ.

ಆ ನಾಲ್ಕು ತಿಂಗಳಲ್ಲಿ ಬಡಗು ಸೀಮೆಯವರು ಅಲ್ಲಿದ್ದ ದೊರೆಯ ಕೋಟೆ ಗೆದ್ದರು, ಆಮೇಲೆ ದೊರೆಯ ಕಡೆಯವರು ಕುರ್ವೆಯಿಂದಲೂ ಗಂಟುಮೂಟೆ ಕಟ್ಟಿದರು. ಲಾವಣಿ ಕಟ್ಟಿದವರು ಕತ್ತಿ ಹಿಡಿದವರನ್ನ ಹಾಡಿದರು, ಕುರ್ವೆ ಹೆಸರು ಯಾರೂ ಎತ್ತಲಿಲ್ಲ. ಹೋಗಲಿ ಬಿಡು. ಕೋಟೆ ಮೇಲೆ ಬಾವುಟ ಏರಿಸೋಕೆ ಒಂದು ಹಗ್ಗ ಕೊಡಿ ಅಂತ ಮಾತ್ರ ಬಡಗು ಸೀಮೆಯವರು ಹೇಳಿಕಳಿಸಿದರಂತೆ.

ಎಲ್ಲರೂ ಬುಧವಂತಿಯೇ ಹೊಸೆಯಲಿ ಅಂದರು. ಅವಳು ನಾರಿನ ರಾಶಿಯನ್ನ ಸೊಸೆ ಮುಂದೆ ಸರಿಸಿ, ಮೂರೂ ಎಳೆ ನಿಂದೇ ಇರಲಿ ಅಂದಳಂತೆ. ಊರವರು ಹತ್ತತ್ತು ಜನ ಎರಡೂ ಕಡೆ ನಿಂತು ಜಗ್ಗಿದರೂ ಆ ಹಗ್ಗ ಜಪ್ಪಯ್ಯ ಅನ್ನಲಿಲ್ಲ. ಬುಧವಂತಿ ತಲೆತಲೆ ಚಚ್ಚಿಕೊಂಡು, ಇಷ್ಟು ವರ್ಷ ನೀನು ಹೊಸೆದ ಹಗ್ಗದಿಂದ ಕರು ಒಂದು ದಿನವೂ ತಪ್ಪಿಸಿಕೊಂಡಿಲ್ಲ, ಕಣ್ಣಿದ್ದೂ ನೋಡಲಿಲ್ಲವಲ್ಲೇ ನಾನು ಅಂದಳಂತೆ.

ಆಮೇಲೆ ಅತ್ತೆ ಸೊಸೆ ಜಗಲಿ ಮೇಲೆ ಅಕ್ಕಪಕ್ಕ ಕೂತು ಹೊಸೆದುಕೊಂಡು ಸುಖವಾಗಿದ್ದರು. ಕತೆಗೆ ಗಂಟು ಬಿತ್ತು. ಕೂಸೇ, ನಾಳೆ ನೀನು ಎಡಗೈಲಿ ಬಳಪ ಹಿಡಿದೆ ಅಂತ ಯಾರಾದರೂ ಬೈದರೆ ನನ್ನ ಹತ್ರ ಕಳಿಸು. ಈಗ ಕಣ್ಣು ಮುಚ್ಚು.