ಬೇಲಿಗೆ ಬಿಟ್ಟುಹೋದ ಪೊರೆ

ಹೆದ್ದಾರಿಯ ಮೋರಿಯೊಳಗೆ ಆಮೆಯಜ್ಜ ತನ್ನದೇ ಒಂದು ಸಂಗ್ರಹಾಲಯ ಇಟ್ಟಿದ್ದ. ಹುಟ್ಟಿದಂದಿನಿಂದ ಒಂದೇ ಚಿಪ್ಪು ಹೊತ್ತವನಿಗೆ, ಬೇರೆಯವರು ಕಳಚಿ ಹೋದದ್ದನ್ನೆಲ್ಲ ಕೂಡಿಡುವ ಹುಚ್ಚು.

ಮೈ ಬಿಗಿದು ಸಂಕಟಪಡುತ್ತಿದ್ದ ಕೇರೆಹಾವೊಂದು ಪೊರೆ ಬಿಡಲು ಒರಟು ಕಲ್ಲು ಹುಡುಕುತ್ತ ಒಳಗೆ ಬಂತು. ಬಂದದ್ದೇ ಬೆರಗಾಗಿ ನಿಂತಿತು. ಜಿಂಕೆಯ ಕೊಂಬು, ನವಿಲಿನ ಗರಿ, ಏಡಿಯ ಚಿಪ್ಪು, ಹಲ್ಲಿ ಗಾಬರಿಯಲ್ಲಿ ಬಿಟ್ಟೋಡಿದ ಬಾಲ ಕೂಡ! ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಹಾವಿನ ಪೊರೆ ಬಿಸಿಲುಕೋಲಿಗೆ ಮಿರಮಿರ ಮಿಂಚುತ್ತಿತ್ತು. ಅದರ ಒಂದೊಂದು ಹುರುಪೆಯೂ ಅಚ್ಚು ಹಾಕಿದ ಹಾಗಿತ್ತು.

"ಅಜ್ಜ, ಇಷ್ಟು ಚೆಂದದ ಮೈ ಯಾವ ಪುಣ್ಯಾತ್ಮನದು?" ಕೇರೆ ಪಿಸುಗುಟ್ಟಿತು. "ನನಗೂ ಇಂಥದ್ದು ಇದ್ದಿದ್ದರೆ!"

"ನಿನ್ನದೇ ಕಣಪ್ಪ," ಎಂದ ಆಮೆಯಜ್ಜ. "ಹೋದ ವರ್ಷ ಆಚೆ ಬೇಲಿಯ ಮುಳ್ಳಿಗೆ ಮೈ ತಿಕ್ಕಿ, 'ಹಾಳು ಪೊರೆ, ತೊಲಗು' ಅಂತ ಬೈದು, ತಿರುಗಿಯೂ ನೋಡದೆ ಹೋದೆ. ಹರಿಯದ ಹಾಗೆ ಅದನ್ನು ಬಿಡಿಸಿ ತರಲು ನನಗೆ ಮೂರು ದಿನ ಹಿಡಿಯಿತು."

ಒರಟು ಕಲ್ಲು ಕಣ್ಣೆದುರೇ ಇದ್ದರೂ ಕೇರೆ ಅದರತ್ತ ಹೋಗಲಿಲ್ಲ. ನಾಳೆ ಹೇಗೂ ಕಳಚಲಿರುವ ತನ್ನ ಮೈಯನ್ನು ಕತ್ತು ಹೊರಳಿಸಿ, ಬಾಲದ ತುದಿಯವರೆಗೆ, ಮೊದಲ ಸಲ ನೋಡಿಕೊಂಡಿತು.