ಶೇಷಪ್ಪನವರ ಕಂಪ್ಯೂಟರ್

ಮತ್ತೆ ಸೆರಗು ಎಳೆದಳು ನನ್ನ ಮಗಳು. ಇವಳ ಕಾಟದಲ್ಲಿ ಒಂದು ಕಥೆಯೂ ಪೂರ್ತಿಯಾಗುವುದಿಲ್ಲ.

ಗೇರುಬೀಜ ಕಾರ್ಖಾನೆಯ ಆಫೀಸಿನಲ್ಲಿ ಟೇಬಲ್ ಒರೆಸಿ, ಸಂಜೆ ಕಂಪ್ಯೂಟರ್‌ಗಳನ್ನು ಆರಿಸುವುದು ನನ್ನ ಕೆಲಸ. ಒಂದು ದಿನ ಮ್ಯಾನೇಜರ್ ಹೆಗ್ಡೆಯವರು ಹೇಳಿದರು: ‘ಇನ್ನು ಎಲ್ಲರ ಕಂಪ್ಯೂಟರೂ ಸರ್ವರ್ ಅನ್ನುವ ಒಂದೇ ಪೆಟ್ಟಿಗೆಯೊಳಗೆ ಇರುತ್ತದೆ. ಅದನ್ನು ಆರಿಸುವುದೇ ಇಲ್ಲ. ನಾಳೆಯಿಂದ ನೀನು ಬರಬೇಡ.’

ಪೆಟ್ಟಿಗೆ ಮಾರಲು ಬಂದವನು ಕೊಚ್ಚಿಕೊಂಡ: ‘ಹಳೆಯದೆಲ್ಲ ಇದ್ದ ಹಾಗೇ ಇದರೊಳಗೆ ಬಂದಿದೆ ಸಾರ್. ಯಾರದನ್ನು ಬೇಕಾದರೂ ಎರಡು ಪರದೆಯಲ್ಲಿ ಒಟ್ಟಿಗೆ ತೆರೆಯಬಹುದು.’

‘ಗಡಿಗೆಯನ್ನೂ ತಟ್ಟಿ ನೋಡಿಯೇ ಕೊಳ್ಳುತ್ತೇವೆ ಸಾರ್. ಶೇಷಪ್ಪನವರದ್ದು ತೆರೆಸಿ ನೋಡಿ’ ಎಂದೆ.

ಗುಮಾಸ್ತ ಶೇಷಪ್ಪನವರು ಕಳೆದ ಬೇಸಿಗೆಯಲ್ಲಿ ತಮ್ಮ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡಿದ್ದರು.

ಅವರ ಟೇಬಲ್ಲಿನ ಪರದೆಯಲ್ಲೂ ಗೋಡೆಯ ದೊಡ್ಡ ಪರದೆಯಲ್ಲೂ ಅವರು ಅರ್ಧ ಬರೆದಿಟ್ಟ ಪತ್ರ ಮೂಡಿತು. ಎಲ್ಲರೂ ಗೋಡೆ ನೋಡುತ್ತಿದ್ದರು. ಬಾಣದ ಗುರುತು ಮೆಲ್ಲನೆ ಸರಿಯಿತು. ಆಮೇಲೆ ಪತ್ರದ ಕೊನೆಗೆ ಒಂದೊಂದೇ ಅಕ್ಷರ ಬಂತು: ‘ಚಹಾ ಬಂತಾ?’

ಅದು ಶೇಷಪ್ಪನವರು ದಿನಾ ಕೇಳುತ್ತಿದ್ದ ಮಾತು.

ಹೆಗ್ಡೆಯವರು ಬಾಗಿಲಿಗೆ ಅಂಟಿಕೊಂಡರು. ‘ಆರಿಸು, ಆರಿಸು!’

‘ಯಾರು ಆರಿಸುವುದು ಸಾರ್? ನನ್ನ ಕೆಲಸ ಹೋಯಿತಲ್ಲ!’

‘ನಿನ್ನ ಕೆಲಸ ಎಲ್ಲೂ ಹೋಗಿಲ್ಲ ಮಾರಾಯ್ತಿ, ಮೊದಲು ಆರಿಸು!’

ಪೆಟ್ಟಿಗೆಯ ಪ್ಲಗ್ ಕಿತ್ತೆ. ಮಾರುವವನು ಪೆಟ್ಟಿಗೆ ಹೊತ್ತುಕೊಂಡು ಹೋದ.

ಮನೆಗೆ ಬಂದು ಮಗಳಿಗೆ ಗುಟ್ಟು ಹೇಳಿ ನಕ್ಕೆ. ಶೇಷಪ್ಪನವರ ಟೇಬಲ್ ಒರೆಸುವ ನೆಪದಲ್ಲಿ, ಬಟ್ಟೆಯಡಿ ಮೌಸ್ ಸರಿಸಿದ್ದು ನಾನೇ. ಕೀಬೋರ್ಡ್ ಮಾತ್ರ ಮುಟ್ಟಲಿಲ್ಲ.

ಅಂದಿನಿಂದ ಇವಳು ಸೆರಗು ಎಳೆದೆಳೆದು ಒಂದೇ ಪ್ರಶ್ನೆ ಕೇಳುತ್ತಾಳೆ:

‘ಹಾಗಾದರೆ ಚಹಾ ಕೇಳಿದ್ದು ಯಾರಮ್ಮ?’